ಹೊರೆ ಹೊರದ ಕಮಾನು

ಖಾಲಿ ಗಾಡಿಯ ಹಿಂಭಾಗ ಎತ್ತರವಾಗಿ ನಿಂತಿದ್ದರೆ ಕಮಾನು ಗಟ್ಟಿಯಾಗಿದೆ ಎಂದು ತಿಳಿಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ, ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದಾರೆ. ಆದರೂ ಹಿಂಭಾಗವನ್ನು ಮುಗಿಲಿಗೆತ್ತಿಕೊಂಡು ಕುಣಿಯುತ್ತಾ ಹೋಗುವ ಪಿಕಪ್ ಒಂದು ಕಣ್ಣಿಗೆ ಬಿದ್ದರೆ ಬಾಯಿಗೆ ಬೈಗುಳವೇ ಬರುತ್ತದೆ. ಈ ಕಸುಬಿಗೆ ಹೊಸದಾಗಿ ಇಳಿಯುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಮೇಸ್ತ್ರಿಯಾದೆ, ಯಾರು ನನಗೆ ಶಾಲು ಹೊದಿಸಿದರು ಎಂಬ ಸುದ್ದಿ ಇಲ್ಲಿಲ್ಲ. ಅಂಥ ಸುದ್ದಿ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬಹುದು.

ನನ್ನ ಹೆಸರು ಕೃಷ್ಣಾಚಾರಿ. ಎಪ್ಪತ್ತರ ದಶಕದ ಆರಂಭದಲ್ಲಿ ಮುಳಬಾಗಿಲಿನ ಮದ್ರಾಸ್ ರಸ್ತೆಯ ಪಕ್ಕ ಖಲೀಲ್ ಸಾಬರ ಕಮಾನ್ ಅಂಗಡಿಗೆ ಸೇರಿದೆ. ಕಮಾನು ಅಂದರೆ ಗಾಡಿಯ ಚಾಸಿಸ್ಸಿಗೂ ಚಕ್ರದ ಅಚ್ಚಿಗೂ ನಡುವೆ ಬಿಲ್ಲಿನಂತೆ ಬಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿರುವ ಉಕ್ಕಿನ ಪಟ್ಟಿಗಳ ಕಟ್ಟು. ಆ ಒಂದೊಂದು ಪಟ್ಟಿಗೂ ನಾವು ಪ್ಲೇಟು ಅನ್ನುತ್ತಿದ್ದೆವು. ಈಗ ಎಲ್ಲವೂ ಫ್ಯಾಕ್ಟರಿಯಿಂದ ರೆಡಿ ಕಟ್ಟಾಗಿ ಬರುತ್ತದೆ, ಹುಡುಗರು ಸ್ಪ್ಯಾನರ್ ಹಿಡಿದು ನಟ್ಟು ಬಿಗಿದು ಕೈ ಒರೆಸಿಕೊಳ್ಳುತ್ತಾರೆ. ನಮ್ಮ ಕಾಲದಲ್ಲಿ ಪ್ಲೇಟನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಬೇಕಿತ್ತು. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಒಡೆದುಹೋಗುತ್ತದೆ. ಇನ್ನೊಮ್ಮೆ ಹದವಾಗಿ ಕಾಯಿಸಿ, ಒಣಗಿದ ಹುಣಸೆ ಕಡ್ಡಿಯನ್ನು ಅದರ ಮೇಲೆ ತೀಡಿ ನೋಡಬೇಕು. ಕಡ್ಡಿ ಬರೀ ಹೊಗೆಯಾಡಿದರೆ ಇನ್ನೂ ಹದ ಬಂದಿಲ್ಲ ಅಂತ. ತುದಿಯಲ್ಲಿ ಸಣ್ಣ ಕಿಡಿ ಸಿಡಿದ ತಕ್ಷಣ ಪ್ಲೇಟನ್ನು ಆಚೆ ತೆಗೆಯಬೇಕು.

ಹದ ತಪ್ಪಿಸಿದರೆ ಖಲೀಲ್ ಸಾಬರು ಆ ಪ್ಲೇಟನ್ನು ಎತ್ತಿ ರಸ್ತೆಗೆ ಬಿಸಾಡುತ್ತಿದ್ದರು. ಹೋಗುವವರು ಬರುವವರೆಲ್ಲ ನೋಡಬೇಕು, ಹಾಗೆ. ನಮ್ಮ ಮೇಲೆ ಇಷ್ಟು ಉರಿಯುವ ಮನುಷ್ಯ ಗಿರಾಕಿ ಬಂದರೆ ಮಾತ್ರ ಬೆಣ್ಣೆಯಾಗಿಬಿಡುತ್ತಿದ್ದರು. ಗಿರಾಕಿ ಏನು ಹೇಳಿದರೂ "ಹೌದು ಸಾರ್, ಆಯ್ತು ಸಾರ್." ಅವರ ಕೈಕೆಲಸಕ್ಕೆ ನಾನು ಈಗಲೂ ತಲೆಬಾಗುತ್ತೇನೆ, ಆ "ಆಯ್ತು ಸಾರ್" ಮಾತ್ರ ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ಟೇಕಲ್ ಕಡೆಯ ಒಬ್ಬ ಕಲ್ಲು ಕ್ವಾರಿ ಧಣಿಯ ವಿಷಯ ಹೇಳುತ್ತೇನೆ. ಮಿಲಿಟರಿಯವರು ಬೇಡವೆಂದು ಹರಾಜು ಹಾಕುವ ಡಿಸ್ಪೋಸಲ್‌ನಲ್ಲಿ ಹಿಡಿದ, ನಾಲ್ಕೂ ಚಕ್ರ ಎಳೆಯುವ ಹಳೇ ಪಿಕಪ್ ಅವನದು. ರಸ್ತೆಯೇ ಇಲ್ಲದ ಬಂಡೆಯ ಮೇಲೆ ಹತ್ತಿಸಬೇಕು. ಅಂಥ ಗಾಡಿಗೆ ಚಕ್ರ ಗುಂಡಿಗೆ ಇಳಿದರೆ ಜೊತೆಗೆ ಇಳಿಯುವ, ಬಂಡೆ ಹತ್ತಿದರೆ ಜೊತೆಗೆ ಬಾಗುವ ಕಮಾನು ಬೇಕು. ಹಾಗೆಯೇ ಕಟ್ಟುತ್ತೇನೆ ಅಂದೆ. ಅವನು ಗಾಡಿಯ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ.

"ಏನ್ ಆಚಾರಿ ಇದು, ಗಾಡಿ ಕೂತೈತೆ. ಹಿಂದೆ ಎತ್ತು."

"ಕಲ್ಲು ತುಂಬಿ ನೋಡಿ ಅಣ್ಣ, ಆಮೇಲೆ ಹೇಳಿ."

"ಕಲ್ಲು ಬೆಟ್ಟದಲ್ಲಿ ತುಂಬ್ತೀನಿ. ಊರ ಮುಂದೆ ಖಾಲಿನೇ ಹೋಗೋದು. ಕೂತ್ಕೊಂಡು ಹೋದ್ರೆ ನನ್ ಮಾನ ಏನಾಗ್ಬೇಕು?"

ನಮ್ಮ ಸೀಮೆಯ ರೋಗವೇ ಇದು. ಕೂತ ಗಾಡಿ ಅಂದರೆ ಕೈಸೋತ ಮನೆಯ ಗಾಡಿ ಅಂತ ಲೆಕ್ಕ. ಹೆಣ್ಣು ನೋಡಲು ಹೋದಾಗಲೂ ಕೂತ ಗಾಡಿಯನ್ನು ಬೀದಿಯ ಮೂಲೆಯಲ್ಲೇ ನಿಲ್ಲಿಸಿ ನಡೆದು ಹೋದವರನ್ನು ನಾನು ಬಲ್ಲೆ. ಆಯುಧಪೂಜೆಯ ದಿನ ಗಾಡಿಗೆ ಬಾಳೆಕಂದು ಕಟ್ಟಿ, ಎಲ್ಲರೂ ಹಿಂದೆ ನಿಂತು ನೋಡುವುದು ಎತ್ತರವನ್ನೇ. ಸಾಬರು "ಆಯ್ತು ಸಾರ್" ಅಂದರು, ದಪ್ಪ ಪ್ಲೇಟುಗಳು ಬಿದ್ದವು. ಕೆಲವೇ ತಿಂಗಳಲ್ಲಿ ಕ್ಯಾಬಿನ್ನಿನ ಹಿಂದೆ ಚಾಸಿಸ್ ಸೀಳಿಕೊಂಡು ಅದೇ ಗಾಡಿ ವಾಪಸ್ ಬಂತು. ಬೈಗುಳ ಯಾರಿಗೆ? ನನಗೆ.

ಹುಡುಗರೇ, ಇಷ್ಟು ತಿಳಿದುಕೊಳ್ಳಿ. ಗುಂಡಿಯ ಏಟನ್ನು ಯಾರಾದರೂ ತಿನ್ನಲೇಬೇಕು. ಕಮಾನು ತಿನ್ನದಿದ್ದರೆ ಚಾಸಿಸ್ ತಿನ್ನುತ್ತದೆ. ಚಾಸಿಸ್ಸೂ ತಿನ್ನದಿದ್ದರೆ ಮೇಲೆ ಕೂತವರು ತಿನ್ನುತ್ತಾರೆ. ಪ್ಲೇಟಿನ ದಪ್ಪ ಎರಡರಷ್ಟಾದರೆ ಬಿಗಿ ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಇದನ್ನು ಸಾಬರು ನನಗೆ ಕಲಿಸಿದ್ದು ಎರಡು ಪ್ಲೇಟುಗಳ ಮೇಲೆ ನನ್ನನ್ನೇ ನಿಲ್ಲಿಸಿ. ಅದನ್ನು ಗಿರಾಕಿಗೆ ಹೇಳುವ ಧೈರ್ಯ ಮಾತ್ರ ಅವರಿಗೆ ಇರಲಿಲ್ಲ.

ಸುಗಟೂರಿನ ಕಡೆಯಿಂದ ಕೋಲಾರಕ್ಕೆ ಹಾಲು ಹೊಡೆಯುತ್ತಿದ್ದವನೊಬ್ಬನೂ ಹೀಗೆಯೇ ಹಠ ಹಿಡಿದು ಹಿಂದೆ ಎತ್ತಿಸಿಕೊಂಡು ಹೋದ. ವಾರ ಕಳೆದು ಮುಖ ಇಳಿಬಿಟ್ಟುಕೊಂಡು ಬಂದ. "ಆಚಾರ್ರೇ, ಕ್ಯಾನ್ ಮುಚ್ಚಳ ತೆಗೆದ್ರೆ ಬೆಣ್ಣೆ ತೇಲ್ತೈತೆ ಅಂತ ಹಾಲು ವಾಪಸ್ ಕಳಿಸ್ತವ್ರೆ" ಅಂದ. "ಹಾಲು ಬಿಡು, ಮಜ್ಜಿಗೆ ವ್ಯಾಪಾರ ಮಾಡು, ಕಡೆಯೋ ಕೆಲಸ ಗಾಡೀನೇ ಮಾಡ್ತದೆ" ಅಂದೆ. ಅವನಿಗೂ ನಗು ಬಂತು. ಮಾಲೂರಿನ ಹೆಂಚಿನ ಕಾರ್ಖಾನೆಗೆ ಮಣ್ಣು ಹೊಡೆಯುತ್ತಿದ್ದವನು ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿಕೊಂಡು, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಸಿಕೊಂಡು ಬಂದಾಗ ಮಾತ್ರ ನನಗೆ ನಗು ಬರಲಿಲ್ಲ. ಉಕ್ಕಿನ ಹದ ಬೆಸುಗೆಯ ಬಿಸಿಗೆ ಸತ್ತುಹೋಗುತ್ತದೆ ಅಂತ ಎಷ್ಟು ಸಲ ಗಂಟಲು ಹರಿದುಕೊಳ್ಳುವುದು! ಈಗಲೂ ಬೈಪಾಸಿನ ಅಂಗಡಿಗಳಲ್ಲಿ ಅದನ್ನೇ ಮಾಡುತ್ತಿದ್ದಾರೆ. ನೀವಾದರೂ ಮಾಡಬೇಡಿ.

ಇವೆಲ್ಲ ಚಿಲ್ಲರೆ ಸಿಟ್ಟು. ನಿಜವಾದ ಸಿಟ್ಟಿನ ಕಥೆ ಎಂಬತ್ತರ ದಶಕದ್ದು.

ತಾಯಲೂರಿನಿಂದ ಒಳಗೆ ಒಂದು ಟ್ರಸ್ಟಿನವರು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಆ ಟ್ರಸ್ಟ್ ಈಗಿಲ್ಲ, ಹೆಸರು ಬೇಡ. ಸುತ್ತಲಿನ ಹಳ್ಳಿಗಳಿಗೆ ಆಗ ಸರಿಯಾದ ರಸ್ತೆ ಇರಲಿಲ್ಲ. ಒಣಗಿದ ಕೆರೆಯಂಗಳ, ಬಂಡೆ, ಹಳ್ಳ ದಾಟಿ ಬಸುರಿಯರನ್ನು ಕರೆತರಲಿ ಎಂದು ಟ್ರಸ್ಟಿನವರು ಒಂದು ಡಿಸ್ಪೋಸಲ್ ಪಿಕಪ್ ಕೊಟ್ಟಿದ್ದರು. ಹಿಂದೆ ಟಾರ್ಪಾಲಿನ ಗೂಡು, ಒಳಗೆ ಮಲಗಿಸಲು ಹಲಗೆ. ಓಡಿಸುವವನು ಚೌಡಪ್ಪ, ಹಳ್ಳಿಗಳಿಗೆ ಹೋಗಿ ಬರುವ ನರ್ಸು ಸಿಸ್ಟರ್ ಸರೋಜಮ್ಮ. ಇಬ್ಬರ ಮೇಲೂ ಒಬ್ಬ ಮ್ಯಾನೇಜರು. ಈ ಮ್ಯಾನೇಜರಿಗೆ ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳ ವ್ಯವಹಾರವಿತ್ತು. ಕಾಯಿ ಇಳಿಸುವ ಕಾಲ ಬಂದರೆ ಹೆರಿಗೆಯ ಗಾಡಿ ಮಾವಿನ ಗಾಡಿಯಾಗುತ್ತಿತ್ತು. ಮಿಲಿಟರಿಯವರ ಕಮಾನು ಮೊದಲೇ ಬಿಗಿ. ಅದರ ಮೇಲೆ ಈ ಮನುಷ್ಯ ಬೇರೆಲ್ಲೋ ಎರಡು ದಪ್ಪ ಪ್ಲೇಟು ಹಾಕಿಸಿದ್ದ.

ಒಂದು ಬೆಳಿಗ್ಗೆ ಆ ಗಾಡಿ ನಮ್ಮ ಅಂಗಡಿಯ ಮುಂದೆ ಬಂದು ನಿಂತಿತು. ಬಿಳಿ ಸೀರೆಯ ಹೆಂಗಸು, ಇವರೇ ಸಿಸ್ಟರ್ ಸರೋಜಮ್ಮ, ಇಳಿದು, "ಕಮಾನ್ ಕಟ್ಟೋ ಆಚಾರಿ ಯಾರು?" ಅಂದರು.

"ನಾನೇ. ಏನಾಗಬೇಕಮ್ಮ?"

"ಗಾಡಿ ಹಿಂದೆ ಹತ್ತಿ. ಮಲ್ಕೊಳ್ಳಿ."

"ನಾನ್ಯಾಕೆ ಮಲ್ಕೊಳ್ಳಲಿ? ನಾನೇನ್ ಬಸುರಿನಾ?"

"ಇವತ್ತೊಂದಿನ ಆಗಿ. ಏನೂ ಸವೆಯಲ್ಲ."

ಅಂಗಡಿಯವರೆಲ್ಲ ನಕ್ಕರು, ಸಾಬರೂ ನಕ್ಕರು. ನಗು ಕೇಳಿ ನನಗೆ ರೋಷ ಬಂತು. ಆ ರೋಷಕ್ಕೇ ಹತ್ತಿ ಮಲಗಿದೆ. ತಾಯಲೂರಿನವರೆಗೆ ಹೇಗೋ ಆಯಿತು. ಅಲ್ಲಿಂದಾಚೆ ಕೆರೆಯಂಗಳಕ್ಕೆ ಇಳಿದ ಮೇಲೆ ನನಗೆ ಆಗಿದ್ದನ್ನು ಏನು ಹೇಳಲಿ! ಚೌಡಪ್ಪ ನಿಧಾನವಾಗಿಯೇ ಓಡಿಸುತ್ತಿದ್ದ. ಆದರೂ ಒಂದೊಂದು ಬಂಡೆಗೂ ಹಲಗೆ ಬೆನ್ನಿಗೆ ಒದೆಯುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರೆ ತಲೆ ಬಡಿಯುತ್ತಿತ್ತು, ತಲೆ ಹಿಡಿದುಕೊಂಡರೆ ಸೊಂಟ ಬಡಿಯುತ್ತಿತ್ತು. ಎಷ್ಟೋ ವರ್ಷ ಕಮಾನು ಕಟ್ಟಿದ್ದೆ. ನಿಂತು ನೋಡಿದ್ದೆ, ಕೆಳಗೆ ನುಸುಳಿ ನೋಡಿದ್ದೆ, ಸೀಟಿನ ಮೇಲೆ ಕೂತು ನೋಡಿದ್ದೆ. ಹಿಂದೆ ಮಲಗಿ ನೋಡಿರಲಿಲ್ಲ. "ನಿಲ್ಸೋ ಮಾರಾಯ" ಅಂತ ಕೂಗಿಕೊಂಡೆ.

ಕೆರೆಯ ನಡುವೆ ಗಾಡಿ ನಿಂತಿತು. ನಾನು ಸೊಂಟ ಹಿಡಿದುಕೊಂಡು ಇಳಿದೆ. ಚೌಡಪ್ಪ ನನ್ನ ಮುಖ ನೋಡಲಿಲ್ಲ, ಚಕ್ರಕ್ಕೆ ಸಿಕ್ಕಿಕೊಂಡಿದ್ದ ಜಾಲಿ ಮುಳ್ಳನ್ನು ಕೀಳುತ್ತಾ ಕೂತುಬಿಟ್ಟ.

ಸಿಸ್ಟರಮ್ಮ ಹೇಳಿದರು: "ಹೋದ ವರ್ಷ ಇವನ ಮಗಳು ಲಕ್ಷ್ಮೀನ ಇದೇ ದಾರೀಲಿ ಕರ್ಕೊಂಡು ಬಂದ್ವಿ. ಗಾಡಿ ಮೊದ್ಲು ಸಿಗಲೇ ಇಲ್ಲ, ತೋಪಿಗೆ ಹೋಗಿತ್ತು. ಸಿಕ್ಕಿದ ಮೇಲೆ ಈ ಕೆರೇಲಿ, ಈ ಏಟಿಗೆ, ರಕ್ತ ಹೋಗೋಕೆ ಶುರುವಾಯ್ತು. ಆಸ್ಪತ್ರೆ ಸೇರೋ ಹೊತ್ತಿಗೆ ಮಗು ಹೋಗಿತ್ತು. ಹುಡುಗಿ ಉಳಿದಿದ್ದೇ ಹೆಚ್ಚು. ಓಡಿಸ್ತಿದ್ದವನು ಇವನೇ."

ನಾನು ಚೌಡಪ್ಪನ ಕಡೆ ನೋಡಿದೆ. ಅವನು ಮುಳ್ಳು ಕೀಳುತ್ತಲೇ ಇದ್ದ.

"ಈಗ ಅವಳಿಗೆ ಮತ್ತೆ ಆರು ತಿಂಗಳು" ಅಂದರು. "ಮಾವಿನ ಕಾಲಕ್ಕೇ ಹೆರಿಗೆ. ಅಷ್ಟರೊಳಗೆ ಈ ಗಾಡಿ ಮೆತ್ತಗಾಗಬೇಕು."

ನನಗೆ ತಕ್ಷಣ ಒಂದು ಉಪಾಯ ಹೊಳೆಯಿತು, ನನ್ನ ಜಾಣತನಕ್ಕೆ ನಾನೇ ಹಿಗ್ಗಿಹೋದೆ. ಕೆಳಗೆ ಮೆತ್ತನೆಯ ಕಟ್ಟು, ಅದರ ಮೇಲೆ ಸ್ವಲ್ಪ ಸಂದು ಬಿಟ್ಟು ಬಿಗಿಯಾದ ಇನ್ನೊಂದು ಸಣ್ಣ ಕಟ್ಟು. ಜನ ಮಲಗಿದಾಗ ಕೆಳಗಿನದು ಮಾತ್ರ ಕೆಲಸ ಮಾಡುತ್ತದೆ. ಭಾರ ಬಿದ್ದರೆ ಮೇಲಿನದೂ ಕೂಡಿಕೊಳ್ಳುತ್ತದೆ. "ಹೆರಿಗೆಗೂ ಆಗತ್ತೆ, ಮಾವಿನಕಾಯಿಗೂ ಆಗತ್ತೆ. ಇಬ್ಬರಿಗೂ ಸಮಾಧಾನ" ಅಂದೆ.

ಸಿಸ್ಟರಮ್ಮ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದರು. "ಮಾವಿನಕಾಯಿಗೆ ಆಗತ್ತೆ ಅಂದ್ರೆ ಗಾಡಿ ತೋಪಲ್ಲೇ ಇರತ್ತೆ ಆಚಾರ್ರೇ. ಲಕ್ಷ್ಮಿ ನೋವು ತಿನ್ನೋವಾಗ ಮೆತ್ತನೆ ಕಮಾನು ಶ್ರೀನಿವಾಸಪುರದಲ್ಲಿದ್ರೆ ನಾನದನ್ನ ತಗೊಂಡು ಏನ್ ಮಾಡ್ಲಿ? ಮಾವಿನಕಾಯಿ ಹೊರೋಕೆ ಆಗಲೇಬಾರ್ದು. ಅಂಥದ್ದು ಕಟ್ಟಿ."

ಹೊರೆ ಹೊರಲಾಗದ ಕಮಾನು ಕಟ್ಟಿಕೊಡಿ ಎಂದು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕಸುಬಿನವನಿಗೆ ಇದು ಹೊಟ್ಟೆ ಉರಿಯುವ ಮಾತು. ಆದರೆ ಜಾಲಿ ಮುಳ್ಳು ಕಿತ್ತು ಮುಗಿದರೂ ಚೌಡಪ್ಪ ಚಕ್ರದ ಹತ್ತಿರವೇ ಕೂತಿದ್ದ. ಕಟ್ಟುತ್ತೇನೆ ಅಂದೆ.

ಖಲೀಲ್ ಸಾಬರು ಕೇಳಿ ಕೆಂಡವಾದರು. "ಗಾಡಿ ಕೂರೋ ಹಂಗೆ ಕಮಾನ್ ಕಟ್ಟೋಕಾ ನಾನು ಭಟ್ಟಿ ಹಚ್ಚಿರೋದು? ರೋಡಲ್ಲಿ ನಾಕ್ ಜನ ನೋಡಿದ್ರೆ ಯಾರ್ ಅಂಗಡೀದು ಅಂತ ಕೇಳಲ್ವಾ? ನನ್ ಇಜ್ಜತ್ ಏನಾಗ್ಬೇಕು?"

"ನಿಮ್ಮ ಇಜ್ಜತ್ತಿಗೂ ಆ ಹುಡುಗಿ ಹೊಟ್ಟೇಲಿರೋ ಮಗೂಗೂ ತಕ್ಕಡಿ ಇಟ್ಟು ತೂಗ್ತೀರಾ ಸಾಬ್?" ಅಂದೆ. ಅವರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಭಟ್ಟಿಯ ಕೆಂಡ ಕೆದಕುತ್ತಾ ನಿಂತರು. ಸಾಬರಿಗೆ ಐದು ಜನ ಹೆಣ್ಣುಮಕ್ಕಳು. ಕೊನೆಗೆ, "ಕಟ್ಟು. ಆದ್ರೆ ಒಂದು ಪ್ಲೇಟ್ ಮುರಿದ್ರೂ ನಿನ್ ಕೈ ಮುರೀತೀನಿ" ಅಂದರು.

ಹೇಗೆ ಕಟ್ಟಿದೆ ಎಂಬುದನ್ನು ಕಸುಬಿನವರು ಗಮನಿಸಿ. ದಪ್ಪ ಪ್ಲೇಟುಗಳನ್ನೆಲ್ಲ ಕಿತ್ತುಹಾಕಿದೆ. ಮೆತ್ತಗಾಗಲಿ ಅಂತ ಬರೀ ಪ್ಲೇಟುಗಳನ್ನು ಕಮ್ಮಿ ಮಾಡಿದರೆ ಉಳಿದವು ಮುರಿಯುತ್ತವೆ. ತೆಳ್ಳಗಿನವು ಹೆಚ್ಚು ಇರಬೇಕು, ಉದ್ದ ಇರಬೇಕು. ಉದ್ದವಾದಷ್ಟೂ ಕಮಾನು ಮೆತ್ತಗೆ. ಅದಕ್ಕೆ ಚಾಸಿಸ್ಸಿನ ಮೇಲೆ ಕಮಾನು ತೂಗುಬಿಡುವ ಕೊಂಡಿಯನ್ನು ಬಿಚ್ಚಿ ಇನ್ನಷ್ಟು ಹಿಂದಕ್ಕೆ ಸರಿಸಿದೆ. ಪ್ಲೇಟಿನ ತುದಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಒಂದನ್ನೊಂದು ಕಚ್ಚದೆ ಜಾರಲಿ ಎಂದು ನಡುವೆ ಗ್ರೀಸು ಸವರಿದೆ. ಬಾಗು ಕಮ್ಮಿ ಕೊಟ್ಟೆ. ಒಂದೊಂದು ಪ್ಲೇಟಿಗೂ ಸಾಬರು ತಾವೇ ಹುಣಸೆ ಕಡ್ಡಿ ತೀಡಿ ಕಿಡಿ ನೋಡಿದರು. ಕಟ್ಟಿ ಮುಗಿಸಿ ಗಾಡಿಯನ್ನು ಕೆಳಗಿಳಿಸಿದಾಗ ಅದು ಖಾಲಿಯಿದ್ದರೂ ತಗ್ಗಿ ಕೂತಿತು. ನಿಜ ಹೇಳುತ್ತೇನೆ, ನೋಡಲು ನನಗೇ ನಾಚಿಕೆಯಾಯಿತು. ಈ ರೋಗ ನನ್ನನ್ನೂ ಬಿಟ್ಟಿರಲಿಲ್ಲ.

ಕಮಾನು ಮುರಿದಿತ್ತು, ರಿಪೇರಿ ಮಾಡಿಸಿದೆ ಎಂದು ಸಿಸ್ಟರಮ್ಮ ಮ್ಯಾನೇಜರಿಗೆ ಹೇಳಿದರಂತೆ. ಅವನು ಕಮಾನಿನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದು ಮಾವಿನ ಕಾಲ ಬಂದ ಮೇಲೆ. ತೋಪಿನಲ್ಲಿ ಎಂದಿನ ಹಾಗೆ ಕಾಯಿ ತುಂಬಿಸಿದ್ದಾನೆ. ಕಮಾನು ಪೂರ್ತಿ ಚಪ್ಪಟೆಯಾಗಿ, ಟಯರು ಬಾಡಿಯ ತಗಡಿಗೆ ಉಜ್ಜಿ, ರಬ್ಬರ್ ಸುಟ್ಟ ವಾಸನೆ ಬಂದಿದೆ. ಅರ್ಧ ಕಾಯಿ ಇಳಿಸಿ, ತೆವಳಿಕೊಂಡು ಶ್ರೀನಿವಾಸಪುರದಿಂದ ನೇರ ನಮ್ಮ ಅಂಗಡಿಗೇ ಬಂದ. ಜೊತೆಗೆ ಚೌಡಪ್ಪ.

"ಏನ್ಲಾ ಆಚಾರಿ, ಇದು ಕಮಾನಾ, ತೊಟ್ಟಿಲಾ?"

"ತೊಟ್ಟಿಲೇ ಸಾರ್. ಹೆರಿಗೆ ಆಸ್ಪತ್ರೆ ಗಾಡಿ ಅಲ್ವಾ?"

"ಬಾಯಿ ಮಾಡ್ಬೇಡ. ಈಗ್ಲೇ ನಾಕ್ ದಪ್ಪ ಪ್ಲೇಟ್ ಹಾಕು."

ಸಾಬರು ಅಭ್ಯಾಸಬಲದಿಂದ "ಆಯ್ತು ಸಾರ್" ಅಂದೇಬಿಟ್ಟರು. ನಾನು ಸುತ್ತಿಗೆ ಕೆಳಗಿಟ್ಟೆ. "ಹಾಕಲ್ಲ. ಹೋದ ವರ್ಷ ಈ ಗಾಡೀಲಿ ಒಂದು ಮಗು ಹೋಗಿದೆ. ನಿಮಗೆ ಗೊತ್ತಿಲ್ವಾ?"

ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಹೆರಿಗೆ ಅಂದ್ಮೇಲೆ ಒಂದು ಹೆಚ್ಚು ಕಮ್ಮಿ ಆಗೇ ಆಗತ್ತೆ. ಅದಕ್ಕೆ ಕಮಾನ್ ಏನ್ ಮಾಡತ್ತೆ?" ಮಗುವಿನ ತಾತ ಅವನ ಪಕ್ಕದಲ್ಲೇ, ಗಾಡಿಯ ಬೀಗದಕೈ ಹಿಡಿದುಕೊಂಡು ನಿಂತಿದ್ದ. ಕೈಯಲ್ಲಿ ಸುತ್ತಿಗೆ ಇಲ್ಲದ್ದು ಒಳ್ಳೆಯದೇ ಆಯಿತು.

ಸಾಬರು ಚೌಡಪ್ಪನ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡು, "ಸಾರ್, ಈ ಉದ್ದದ ದಪ್ಪ ಪ್ಲೇಟ್ ನಮ್ಮ ಹತ್ರ ಇಲ್ಲ" ಅಂದರು. ಅವರು ಗಿರಾಕಿಗೆ ಇಲ್ಲ ಅಂದಿದ್ದನ್ನು ನಾನು ಕೇಳಿದ್ದು ಅವತ್ತೇ. ಇನ್ನೊಂದು ಅಂಗಡಿಗೆ ಹೋಗುತ್ತೇನೆ ಎಂದು ಮ್ಯಾನೇಜರು ಕೂಗಾಡಿದ. ಹೋಗಿ ಸಾರ್, ಕೊಂಡಿಯನ್ನೇ ಹಿಂದಕ್ಕೆ ಸರಿಸಿರುವುದರಿಂದ ರೆಡಿ ಮಾಲು ಯಾವುದೂ ಕೂರುವುದಿಲ್ಲ, ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ ಎಂದೆ. ಅಷ್ಟರಲ್ಲಿ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಕೂಗಾಟ ಕೇಳಿ ಹತ್ತಿರ ಬಂದರು. ಮಾವಿನಕಾಯಿ ಹೊತ್ತು ನೆಲಕ್ಕೆ ಅಂಟಿ ನಿಂತಿದ್ದ ಪಿಕಪ್ಪನ್ನು ಹಿಂದಿನಿಂದ ನೋಡಿ, ಅವರಲ್ಲೊಬ್ಬ ತೆಲುಗಿನಲ್ಲಿ, "ಏಂ ಸಾರ್, ಬಂಡಿ ಕೂಸುಂಡಾದೇ?" ಅಂದ. ಏನು ಸಾರ್, ಗಾಡಿ ಕೂತುಬಿಟ್ಟಿದೆಯಲ್ಲ, ಅಂತ. ಎಲ್ಲರೂ ಹೋ ಎಂದು ನಕ್ಕರು. ಮ್ಯಾನೇಜರ ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. "ಈ ದರಿದ್ರದ ಗಾಡಿ ಆ ನರ್ಸಮ್ಮನೇ ಇಟ್ಕೊಳ್ಳಲಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಆ ವರ್ಷದಿಂದ ಅವನು ಮಾವಿನಕಾಯಿಗೆ ಬಾಡಿಗೆ ಲಾರಿ ಹಿಡಿದ. ಆ ಪಿಕಪ್ಪನ್ನು ಮತ್ತೆ ಹತ್ತಲಿಲ್ಲ.

ಅಂಗಡಿಯವರೆಲ್ಲ ಗೆದ್ದೆವು ಎಂದು ಕುಣಿದರು. ನನಗೆ ಕುಣಿಯಲು ಆಗಲಿಲ್ಲ. ಒಂದು ಮಗು ಸತ್ತಿದ್ದಕ್ಕೆ ಬಗ್ಗದ ಮನುಷ್ಯ, ಗಾಡಿ ಕೂತಿದೆ ಎಂದು ನಾಲ್ಕು ಜನ ನಕ್ಕಿದ್ದಕ್ಕೆ ಬಗ್ಗಿದ. ನ್ಯಾಯಕ್ಕೆ ಸಿಗದ ಗಾಡಿ ನಗೆಗೆ ಸಿಕ್ಕಿತು. ಇದನ್ನು ನೆನೆಸಿಕೊಂಡಾಗಲೆಲ್ಲ ಮಾತ್ರೆ ನುಂಗಬೇಕಾಗುತ್ತದೆ.

ಮಾವು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಚೌಡಪ್ಪ ಅಂಗಡಿಗೆ ಬಂದ. ಕೈಯಲ್ಲಿ ಸಕ್ಕರೆ ಪೊಟ್ಟಣ. ಲಕ್ಷ್ಮಿಗೆ ಗಂಡು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದ. ಎಲ್ಲರ ಕೈಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿದ. ಹೊರಡುವಾಗ ನನ್ನ ಹತ್ತಿರ ಬಂದು ನಿಂತ. ಅಷ್ಟು ದಿನವೂ ಅವನು ನನ್ನ ಜೊತೆ ಒಂದು ಮಾತು ಆಡಿದವನಲ್ಲ.

"ಆಚಾರ್ರೇ, ಮನೆಯಿಂದ ಹೊರಟಾಗಿಂದ ಅವಳಿಗೆ ಆ ಕೆರೇದೇ ಭಯ. ಸಿಸ್ಟರಮ್ಮನ ಕೈ ಬಿಡಲಿಲ್ಲ. ಕೆರೆ ಇಳಿದೆ, ದಾಟಿದೆ, ಏರಿ ಹತ್ತಿಸಿ ರಸ್ತೆಗೂ ಬಂದೆ. ಆವಾಗ ಹಿಂದಿನಿಂದ ಕೇಳ್ತಾಳೆ, 'ಕೆರೆ ಇನ್ನೂ ಬರಲಿಲ್ವಾ ನಾಯ್ನಾ?' ಅಂತ."

ಅಷ್ಟು ಹೇಳಿ ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನನಗೂ ಸಂತೋಷವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅವನು ಹೋದ ಮೇಲೆ ಎದ್ದ ಸಿಟ್ಟು ಇವತ್ತಿನವರೆಗೂ ಆರಿಲ್ಲ. ಆ ಕಮಾನಿಗೆ ನಾನು ಬಳಸಿದ್ದು ಹೊಸ ಉಕ್ಕಲ್ಲ. ಯಾರಿಗೂ ಬೇಡವಾದ ತೆಳು ಪಟ್ಟಿಗಳು, ಗೋಡೆಯ ಪಕ್ಕ ತುಕ್ಕು ಹಿಡಿಯುತ್ತಾ ಬಿದ್ದಿದ್ದವು. ಅದರ ಹಿಂದಿನ ವರ್ಷವೂ ಅವು ಅಲ್ಲೇ ಬಿದ್ದಿದ್ದವು.